ಎರಡು ದೇಶಗಳ ಉಷ್ಣವಲಯದ ಗಟ್ಟಿಮರದ ಆಮದನ್ನು ವರ್ಷವರ್ಷಕ್ಕೆ ಹೋಲಿಸುವುದು ಹೇಗೆ?

ಈ ಹೋಲಿಕೆಗೆ ಕೈಹಾಕಿದ ಓದುಗರು ಕಳಿಸುವ ಗ್ರಾಫ್‌ಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತವೆ. ಕೂಡುವ ಕಳೆಯುವ ಲೆಕ್ಕದಲ್ಲಿ ತಪ್ಪಿರುವುದಿಲ್ಲ. ಕೂಡಿಸಿದ ಸರಕೇ ಬೇರೆ ಬೇರೆಯಾಗಿರುತ್ತದೆ. ಒಂದು ದೇಶದ ದಿಮ್ಮಿಯನ್ನು ಇನ್ನೊಂದು ದೇಶದ ಪ್ಲೈವುಡ್ಡಿನ ಪಕ್ಕದಲ್ಲಿಟ್ಟಿರುತ್ತಾರೆ. 2005ರ ‘ಉಷ್ಣವಲಯದ ಮರ’ವನ್ನು 2018ರ ಅದೇ ಹೆಸರಿನ, ಆದರೆ ಬೇರೆ ಅರ್ಥದ ಸಾಲಿಗೆ ಜೋಡಿಸಿರುತ್ತಾರೆ. ಆಮೇಲೆ ಆ ಗೆರೆಯ ಏರಿಳಿತಕ್ಕೆ ಕಾಡಿನಲ್ಲಿ ಕಾರಣ ಹುಡುಕುತ್ತಾರೆ. ಕಾರಣ ಇರುವುದು ಸುಂಕದ ಪಟ್ಟಿಯಲ್ಲಿ.

ಕೆಳಗಿನ ಹಂತಗಳ ಅನುಕ್ರಮವನ್ನು ಬದಲಿಸಬೇಡಿ; ಹತ್ತನೆಯ ಹಂತದ ಘಟನೆಗಳ ಪಟ್ಟಿಯನ್ನು ಮಾತ್ರ ಗ್ರಾಫ್‌ಗೆ ಮೊದಲೇ ಮಾಡಿಟ್ಟುಕೊಳ್ಳಿ. ಗ್ರಾಫ್ ಬರುವುದು ಒಂಬತ್ತನೆಯ ಹಂತದಲ್ಲಿ. ಅದನ್ನು ಮೊದಲೇ ಬಿಡಿಸಿ ನೋಡಿದರೆ ಕಣ್ಣು ಆ ಆಕಾರಕ್ಕೆ ಒಗ್ಗಿಬಿಡುತ್ತದೆ, ತಪ್ಪು ಹುಡುಕುವ ಮನಸ್ಸೇ ಬರುವುದಿಲ್ಲ. ಉದಾಹರಣೆಗೆ ಉದ್ದಕ್ಕೂ ಜಪಾನ್ ಮತ್ತು ಚೀನಾವನ್ನು ತೆಗೆದುಕೊಂಡಿದ್ದೇನೆ. ಈ ಕೆಲಸದಲ್ಲಿ ಬರಬಹುದಾದ ತೊಡಕುಗಳಲ್ಲಿ ಹೆಚ್ಚಿನವು ಈ ಜೋಡಿಯಲ್ಲಿಯೇ ಸಿಗುತ್ತವೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಸ್ಪ್ರೆಡ್‌ಶೀಟ್ ಸಾಕು. ಅದರಲ್ಲಿ ಮೂರು ಹಾಳೆಗಳಿರಲಿ: ಇಳಿಸಿಕೊಂಡ ದತ್ತಾಂಶಕ್ಕೆ ಒಂದು, ಸುಂಕದ ಪಟ್ಟಿಯಲ್ಲಿ ಸರಕುಗಳಿಗೆ ಕೊಟ್ಟ ಅಂಕಿ ಸಂಕೇತಗಳಿಗೆ ಒಂದು, ತಿದ್ದುಪಡಿಗಳ ದಿನಚರಿಗೆ ಒಂದು. ಮೊದಲ ಹಾಳೆಯ ಯಾವ ಅಂಕಿಯನ್ನೂ ಕೈಯಿಂದ ಬದಲಿಸಕೂಡದು. ತಿದ್ದಿದ ಅಂಕಿ ಹೊಸ ಅಂಕಣಕ್ಕೆ ಹೋಗಬೇಕು, ತಿದ್ದಿದ್ದಕ್ಕೆ ಕಾರಣ ದಿನಚರಿಗೆ ಹೋಗಬೇಕು.

ದತ್ತಾಂಶಕ್ಕೆ ಮೂರು ಮುಖ್ಯ ಕಣಜಗಳಿವೆ. ವಿಶ್ವಸಂಸ್ಥೆಯ ಕಾಮ್‌ಟ್ರೇಡ್‌ನಲ್ಲಿ ಯಾವ ದೇಶ ಯಾವ ದೇಶದಿಂದ ಏನು ತರಿಸಿತು ಎಂಬ ವಿವರ ಸಿಗುತ್ತದೆ. ಆಹಾರ ಮತ್ತು ಕೃಷಿ ಸಂಸ್ಥೆಯ ಫಾವೋಸ್ಟಾಟ್‌ನಲ್ಲಿ ಅರಣ್ಯ ಉತ್ಪನ್ನಗಳ ಅಂಕಿಗಳು 1961ರಿಂದ ಇವೆ, ಆದರೆ ಉಷ್ಣವಲಯದ ಮರವನ್ನು ಬೇರೆಯಾಗಿ ತೋರಿಸುವ ಸಾಲು 1990ರಿಂದ ಈಚೆಗಿನದು. ಯೊಕೊಹಾಮಾದಲ್ಲಿ ಕೇಂದ್ರ ಕಚೇರಿ ಇರುವ ಅಂತರರಾಷ್ಟ್ರೀಯ ಉಷ್ಣವಲಯ ಮರ ಸಂಸ್ಥೆ, ಅಂದರೆ ಐಟಿಟಿಒ, ಈ ಒಂದು ಸರಕಿನ ಲೆಕ್ಕವನ್ನೇ ಇಡುತ್ತದೆ. ಕೆಲಸ ಮಾಡಲು ಕಾಮ್‌ಟ್ರೇಡ್, ತಾಳೆ ನೋಡಲು ಐಟಿಟಿಒ, ಇದು ನನ್ನ ಆಯ್ಕೆ. ಒಂದು ದೇಶದ ಅಂಕಿಯನ್ನು ಒಂದು ಕಣಜದಿಂದಲೂ ಇನ್ನೊಂದು ದೇಶದ್ದನ್ನು ಬೇರೆ ಕಣಜದಿಂದಲೂ ತರಲೇಬಾರದು.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಡಿ

‘ಯಾರು ಹೆಚ್ಚು ಮರ ತರಿಸುತ್ತಾರೆ’ ಎಂಬುದು ಪ್ರಶ್ನೆಯಾಗಲಾರದು. ಕಾಡಿನ ಮೇಲೆ ಬೀಳುವ ಒತ್ತಡ ತಿಳಿಯಬೇಕೇ? ಹಾಗಾದರೆ ಎಲ್ಲ ಸರಕನ್ನೂ ದಿಮ್ಮಿಯ ಲೆಕ್ಕಕ್ಕೆ ತರಬೇಕು. ಮರ ಕೊಯ್ಯುವ ಉದ್ಯಮ ಎಲ್ಲಿಗೆ ಸರಿಯಿತು ಎಂದು ತಿಳಿಯಬೇಕೇ? ಹಾಗಾದರೆ ದಿಮ್ಮಿ, ಕೊಯ್ದ ಮರ, ಪ್ಲೈವುಡ್ ಮೂರನ್ನೂ ಬೇರೆ ಬೇರೆ ಇಡಬೇಕು. ವ್ಯಾಪಾರದ ಹಣ ತಿಳಿಯಬೇಕಾದರೆ ಬೆಲೆ ಬೇಕು, ಘನ ಅಳತೆ ಹಿಂದಕ್ಕೆ ಸರಿಯುತ್ತದೆ. ಮೂರಕ್ಕೂ ಒಂದೇ ಗ್ರಾಫ್ ಉತ್ತರ ಕೊಡುವುದಿಲ್ಲ.

ವಾಕ್ಯದಲ್ಲಿ ನಾಲ್ಕು ಸಂಗತಿಗಳಿರಲಿ: ದೇಶಗಳು, ಸರಕು, ಅಳತೆ, ವರ್ಷಗಳು. ಉದಾಹರಣೆಗೆ: ‘ಜಪಾನ್ ಮತ್ತು ಚೀನಾ 1996ರಿಂದ 2022ರವರೆಗೆ ತರಿಸಿಕೊಂಡ ಉಷ್ಣವಲಯದ ದಿಮ್ಮಿ, ಕೊಯ್ದ ಮರ, ವೆನೀರ್ (ಮರದ ತೆಳು ಪದರ), ಪ್ಲೈವುಡ್ ಒಟ್ಟು ಎಷ್ಟು ಘನ ಮೀಟರ್ ದಿಮ್ಮಿಗೆ ಸಮ?’ ಜಪಾನ್ ಈಗಿನ ಅಂತರರಾಷ್ಟ್ರೀಯ ಸಂಕೇತ ಪದ್ಧತಿಯನ್ನು 1988ರಲ್ಲಿ ಒಪ್ಪಿಕೊಂಡಿತು, ಚೀನಾ 1992ರಲ್ಲಿ. ಇದಕ್ಕಿಂತ ಹಿಂದಕ್ಕೆ ಹೋಗಬೇಕೆಂದರೆ ಹಳೆಯ ವರ್ಗೀಕರಣ ಬಳಸಬೇಕಾಗುತ್ತದೆ, ಉಷ್ಣವಲಯದ ಮರವನ್ನು ಬೇರ್ಪಡಿಸುವುದು ಬಹಳ ಕಷ್ಟವಾಗುತ್ತದೆ. ಮೊದಲ ಪ್ರಯತ್ನಕ್ಕೆ 1996ರಿಂದ ಆರಂಭಿಸಿ.

ಹಂತ 2: ಸರಕಿನ ಗಡಿ ಎಲ್ಲಿ?

‘ಗಟ್ಟಿಮರ’ ಎಂಬ ಮಾತಿಗೆ ಗಟ್ಟಿತನದ ಹಂಗಿಲ್ಲ. ಅಗಲ ಎಲೆಯ ಮರಗಳೆಲ್ಲ ಈ ಗುಂಪಿಗೆ ಸೇರುತ್ತವೆ, ಉಗುರಿನಿಂದ ಒತ್ತಿದರೆ ತಗ್ಗುವ ಬಾಲ್ಸಾ ಕೂಡ ಇದೇ ಗುಂಪು. ಅದಿರಲಿ, ನಿಜವಾದ ತಕರಾರು ‘ಉಷ್ಣವಲಯ’ ಎಂಬ ಮಾತಿನದು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ದೇಶಗಳಲ್ಲಿ ಬೆಳೆದದ್ದು ಎನ್ನುವುದು ಐಟಿಟಿಒ ಲೆಕ್ಕ. ಸುಂಕದ ಪಟ್ಟಿ ನೋಡುವುದು ಮರದ ಜಾತಿಯನ್ನು. ಎರಡೂ ಒಂದೇ ಅಲ್ಲ.

ಆಯ್ದುಕೊಳ್ಳಬೇಕಾದ ಶೀರ್ಷಿಕೆಗಳು ನಾಲ್ಕು. ಸುಂಕದ ಪಟ್ಟಿಯ 44ನೆಯ ಅಧ್ಯಾಯದಲ್ಲಿ 4403 ಎಂದರೆ ದಿಮ್ಮಿ, 4407 ಎಂದರೆ 6 ಮಿಲಿಮೀಟರಿಗಿಂತ ದಪ್ಪನಾಗಿ ಉದ್ದಕ್ಕೆ ಕೊಯ್ದ ಮರ, 4408 ಎಂದರೆ 6 ಮಿಲಿಮೀಟರ್ ಮೀರದ ವೆನೀರ್, 4412 ಎಂದರೆ ಪ್ಲೈವುಡ್. ಪೀಠೋಪಕರಣ 94ನೆಯ ಅಧ್ಯಾಯದಲ್ಲಿದೆ. ಅದರ ಮರ ಯಾವುದು ಎಂದು ಆರಂಕಿಯ ಸಂಕೇತ ಹೇಳುವುದಿಲ್ಲ. ಆದ್ದರಿಂದ ಅದನ್ನು ಹೊರಗಿಡಿ, ಹೊರಗಿಟ್ಟದ್ದನ್ನು ಗ್ರಾಫ್‌ನ ಕೆಳಗೆ ಬರೆಯಿರಿ.

ಹಂತ 3: ಸಂಕೇತಗಳ ಸೇತುವೆ ಕಟ್ಟಿ

ಇಡೀ ಕೆಲಸದ ಅರ್ಧ ಸಮಯವನ್ನು ಇಲ್ಲಿ ಕಳೆಯಿರಿ. ಎಚ್‌ಎಸ್ ಎಂದು ಕರೆಯುವ ಈ ಸಂಕೇತ ಪದ್ಧತಿ 1996, 2002, 2007, 2012, 2017, 2022ರಲ್ಲಿ ಪರಿಷ್ಕರಣೆಗೊಂಡಿದೆ. ಮೊದಲ ಆರು ಅಂಕಿಗಳು ಮಾತ್ರ ಎಲ್ಲ ದೇಶಗಳಿಗೂ ಸಮಾನ. ಏಳನೆಯ ಅಂಕಿಯಿಂದ ಮುಂದಿನದು ಆಯಾ ದೇಶದ ಇಷ್ಟ: ಜಪಾನ್ ಒಂಬತ್ತು ಅಂಕಿ ಬಳಸುತ್ತದೆ, ಐರೋಪ್ಯ ಒಕ್ಕೂಟ ಎಂಟು. ಎಂಟಂಕಿಯನ್ನೂ ಒಂಬತ್ತಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದ ಪಟ್ಟಿಗಳು ಅಲ್ಲಿಗೇ ಕೆಡುತ್ತವೆ.

ಎರಡನೆಯ ಹಾಳೆಯಲ್ಲಿ ಈ ಸಾಲುಗಳು ಇರಲೇಬೇಕು:

- ದಿಮ್ಮಿ: 1996ಕ್ಕೆ ಮೊದಲು 4403.31ರಿಂದ 4403.35. 1996ರಿಂದ 4403.41 ಮತ್ತು 4403.49. 2022ರಲ್ಲಿ ತೇಗಕ್ಕೆ ಹೊಸದಾಗಿ 4403.42.
- ಕೊಯ್ದ ಮರ: 1996 ಮತ್ತು 2002ರ ಆವೃತ್ತಿಗಳಲ್ಲಿ 4407.24, 4407.25, 4407.26, 4407.29. 2007ರಲ್ಲಿ 4407.24 ಒಡೆದು ಮಹಾಗನಿಗೆ 4407.21, ವಿರೋಲಾ, ಇಂಬುಯಾ ಮತ್ತು ಬಾಲ್ಸಾಗೆ 4407.22 ಆಯಿತು, ಸಪೆಲಿಗೆ 4407.27, ಇರೊಕೊಗೆ 4407.28 ಬಂದವು. 2022ರಲ್ಲಿ ತೇಗಕ್ಕೆ 4407.23.
- ವೆನೀರ್: 4408.31 ಮತ್ತು 4408.39.
- ಪ್ಲೈವುಡ್: 2007ರಿಂದ 4412.31, ಅಂದರೆ ಹೊರಪದರಗಳಲ್ಲಿ ಒಂದಾದರೂ ಉಷ್ಣವಲಯದ ಮರವಾಗಿರುವುದು. 1996ರಿಂದ 2006ರವರೆಗೆ ಮುಖ್ಯವಾಗಿ 4412.13.

ಸಂಕೇತ ಒಡೆದರೆ ಕೂಡಿಸಿಬಿಡಬಹುದು, ಅದು ಸುಲಭ. ಕಷ್ಟವಾಗುವುದು ಸಂಕೇತ ಹಾಗೇ ಉಳಿದು ಅರ್ಥ ಬದಲಾದಾಗ. 2017ಕ್ಕೆ ಮೊದಲು ‘ಉಷ್ಣವಲಯದ ಮರ’ ಎಂದರೆ 44ನೆಯ ಅಧ್ಯಾಯದ ಟಿಪ್ಪಣಿಯೊಂದರಲ್ಲಿ ಹೆಸರಿಸಿದ ಮರಗಳು ಮಾತ್ರ. ಆ ಪಟ್ಟಿಯಲ್ಲಿ ಹೆಸರಿಲ್ಲದ ಮರ ಸಮಭಾಜಕ ವೃತ್ತದ ಮೇಲೆಯೇ ಬೆಳೆದಿದ್ದರೂ 4403.99 ಎಂಬ ‘ಇತರೆ’ ಸಾಲಿಗೆ ಹೋಗುತ್ತಿತ್ತು. 2017ರ ಆವೃತ್ತಿಯಲ್ಲಿ ಆ ಟಿಪ್ಪಣಿ ಹೋಯಿತು, ‘ಉಷ್ಣವಲಯದ ಮರ’ದ ವ್ಯಾಪ್ತಿ ಹಿಗ್ಗಿತು. ಅಂದರೆ 4403.49 ಸಾಲು 2016ರಿಂದ 2017ಕ್ಕೆ ದಾಟುವಾಗ ಒಂದೂ ಹೆಚ್ಚುವರಿ ಮರ ಬಾರದೆ ಏರಬಹುದು. ಹಳೆಯ ಆವೃತ್ತಿಗೆ ಪರಿವರ್ತಿಸಿದ ದತ್ತಾಂಶವನ್ನು ಇಳಿಸಿಕೊಂಡರೂ ಈ ಬಿರುಕು ಮುಚ್ಚುವುದಿಲ್ಲ, ಏಕೆಂದರೆ ಪರಿವರ್ತನೆ ಸಂಕೇತವನ್ನಷ್ಟೇ ನೋಡುತ್ತದೆ.

ಚೀನಾದ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ಅಲ್ಲಿ ಹೊಂಗ್‌ಮು ಎಂದು ಕರೆಯುವ ಬೆಲೆಬಾಳುವ ಕೆಂಪು ಮರಗಳಿವೆ, ನಮ್ಮ ಬೀಟೆ ಮತ್ತು ಹೊನ್ನೆಯ ಬಂಧುಗಳು. ರಕ್ತಚಂದನವೂ ಅದೇ ಪಟ್ಟಿಯಲ್ಲಿದೆ. ಇವುಗಳ ದಿಮ್ಮಿಗೆ 2017ಕ್ಕೆ ಮೊದಲು ಚೀನಾ ಕೊಟ್ಟಿದ್ದ ಎಂಟಂಕಿಯ ಸಂಕೇತ 44039930. ಮೊದಲ ಆರು ಅಂಕಿಗಳನ್ನು ನೋಡಿ: 4403.99. ಉಷ್ಣವಲಯದ ಸಾಲುಗಳನ್ನಷ್ಟೇ ಕೂಡಿಸಿದವರ ಲೆಕ್ಕದಲ್ಲಿ ಆ ಇಡೀ ವ್ಯಾಪಾರ ಕಾಣೆಯಾಗುತ್ತದೆ.

ಪರಿಹಾರ ಹೀಗೆ. 4403.99 ಮತ್ತು 4407.99 ಸಾಲುಗಳನ್ನು ರಫ್ತು ಮಾಡಿದ ದೇಶವಾರು ಇಳಿಸಿಕೊಳ್ಳಿ. ಪೂರ್ತಿಯಾಗಿ ಉಷ್ಣವಲಯದೊಳಗಿರುವ ದೇಶಗಳಿಂದ ಬಂದದ್ದನ್ನು, ಉದಾಹರಣೆಗೆ ಪಪುವಾ ನ್ಯೂಗಿನಿ, ಸೊಲೊಮನ್ ದ್ವೀಪಗಳು, ಗ್ಯಾಬೊನ್, ಕ್ಯಾಮರೂನ್, ನಿಮ್ಮ ಮೊತ್ತಕ್ಕೆ ಸೇರಿಸಿ. ಬ್ರೆಜಿಲ್, ಆಸ್ಟ್ರೇಲಿಯಾದಂತೆ ಸಂಕ್ರಾಂತಿ ವೃತ್ತದ ಎರಡೂ ಬದಿಗೆ ಹರಡಿದ ದೇಶಗಳನ್ನು ಬಿಡಿ. ಅಲ್ಲಿಂದ ಬರುವುದರಲ್ಲಿ ನೆಡುತೋಪಿನ ನೀಲಗಿರಿ ಬೆರೆತಿರುತ್ತದೆ. ನೀಲಗಿರಿ ದಿಮ್ಮಿಗೆ 4403.98 ಎಂಬ ಪ್ರತ್ಯೇಕ ಸಂಕೇತ ಬಂದದ್ದು 2017ರಲ್ಲಿ. ದೇಶಗಳ ಪಟ್ಟಿಯನ್ನು ಒಮ್ಮೆ ಬರೆದ ಮೇಲೆ ಜಪಾನಿಗೂ ಚೀನಾಕ್ಕೂ, ಎಲ್ಲ ವರ್ಷಗಳಿಗೂ, ಅದೇ ಪಟ್ಟಿ.

ರಬ್ಬರ್ ಮರದ ವಿಷಯದಲ್ಲಿ ಒಂದು ನಿರ್ಧಾರ ಬೇಕು. ಥಾಯ್ಲೆಂಡ್ ಕೊಯ್ದ ರಬ್ಬರ್ ಮರವನ್ನು ಚೀನಾಕ್ಕೆ ಭಾರಿ ಪ್ರಮಾಣದಲ್ಲಿ ಕಳಿಸುತ್ತದೆ. ಹಾಲು ನಿಂತ ತೋಟದ ಮರವನ್ನು ಕಾಡುಮರದ ಜತೆ ಕೂಡಿಸಿದರೆ ಚೀನಾದ ಗೆರೆ ಬೇರೆಯೇ ಆಗುತ್ತದೆ. ನಿಮ್ಮ ಪ್ರಶ್ನೆ ಕಾಡಿನ ಬಗ್ಗೆಯಾದರೆ ಥಾಯ್ಲೆಂಡಿನ ಕೊಯ್ದ ಮರವನ್ನು ಬೇರೆ ಸಾಲಿನಲ್ಲಿ ತೋರಿಸಿ.

ಎಚ್ಚರಿಕೆಯ ಗುರುತು: ಗೆರೆ ಜಿಗಿದ ವರ್ಷ 1996, 2002, 2007, 2012, 2017 ಅಥವಾ 2022 ಆಗಿದ್ದರೆ ಮೊದಲ ಅನುಮಾನ ಸಂಕೇತದ ಮೇಲಿರಲಿ. ಕೆಲವು ದೇಶಗಳು ಹೊಸ ಆವೃತ್ತಿಯನ್ನು ತಡವಾಗಿ ಜಾರಿಗೆ ತರುವುದರಿಂದ ಮರುವರ್ಷವನ್ನೂ ನೋಡಿ.

ಹಂತ 4: ಇಳಿಸಿಕೊಳ್ಳುವಾಗ

ವರದಿ ಮಾಡುವ ದೇಶ, ‘ಆಮದು’, ವಾರ್ಷಿಕ, ಆರಂಕಿಯ ಸಂಕೇತ: ಹೀಗೆ ಆಯ್ದುಕೊಳ್ಳಿ. ಪಾಲುದಾರ ದೇಶಗಳ ಪಟ್ಟಿಯಲ್ಲಿ ‘ಜಗತ್ತು’ ಎಂಬ ಮೊತ್ತವೂ ಒಂದು ಸಾಲಾಗಿ ಇಳಿಯುತ್ತದೆ. ಅದನ್ನೂ ಬಿಡಿ ದೇಶಗಳನ್ನೂ ಒಟ್ಟಿಗೆ ಕೂಡಿಸಿ ಎಲ್ಲವನ್ನೂ ಎರಡು ಪಟ್ಟು ಮಾಡಿಕೊಂಡವರು ಕಡಿಮೆಯೇನಲ್ಲ. ಆ ಸಾಲನ್ನು ಬೇರೆ ಅಂಕಣಕ್ಕೆ ಸರಿಸಿ. ಬಿಡಿ ದೇಶಗಳ ಮೊತ್ತ ಅದಕ್ಕೆ ತಾಳೆಯಾದರೆ ಇಳಿಸಿದ್ದು ಪೂರ್ತಿಯಾಗಿದೆ ಎಂದರ್ಥ.

ಹಾಂಗ್‌ಕಾಂಗ್ ಲೆಕ್ಕ ಚೀನಾದ ಲೆಕ್ಕದಿಂದ ಪ್ರತ್ಯೇಕ. ತೈವಾನ್ ತನ್ನ ಹೆಸರಿನಲ್ಲಿ ಸಿಗುವುದಿಲ್ಲ, ‘ಇತರ ಏಷ್ಯಾ’ ಎಂಬ ಸಾಲಿನಲ್ಲಿರುತ್ತದೆ. ಇನ್ನು ಖಾಲಿ ಕೋಶವನ್ನು ಸೊನ್ನೆ ಎಂದು ಓದಬೇಡಿ. ಒಂದು ದೇಶ ಆ ವರ್ಷ ವರದಿಯನ್ನೇ ಕೊಟ್ಟಿಲ್ಲದಿರಬಹುದು.

ಹಂತ 5: ಅಳತೆಯನ್ನು ಪರೀಕ್ಷಿಸಿ

ಕಾಮ್‌ಟ್ರೇಡ್ ಸಾಲಿನಲ್ಲಿ ಮೂರು ಅಂಕಿಗಳು ಬರುತ್ತವೆ: ಬೆಲೆ ಡಾಲರಿನಲ್ಲಿ, ತೂಕ ಕಿಲೋದಲ್ಲಿ, ಗಾತ್ರ ಘನ ಮೀಟರಿನಲ್ಲಿ. ಗಾತ್ರ ಅಥವಾ ತೂಕ ವರದಿಯಾಗದಿದ್ದರೆ ಅಂದಾಜು ತುಂಬಿರುತ್ತಾರೆ, ಅದಕ್ಕೊಂದು ಗುರುತೂ ಇರುತ್ತದೆ. ಆ ಗುರುತಿನ ಅಂಕಣವನ್ನು ಅಳಿಸಬೇಡಿ.

ಈಗ ಪ್ರತಿ ಸಾಲಿಗೂ ಎರಡು ಭಾಗಾಕಾರ ಮಾಡಿ. ಮೊದಲನೆಯದು ತೂಕವನ್ನು ಗಾತ್ರದಿಂದ. ಉಷ್ಣವಲಯದ ವ್ಯಾಪಾರದ ಮರಕ್ಕೆ ಘನ ಮೀಟರಿಗೆ ಸುಮಾರು 400ರಿಂದ 1,200 ಕಿಲೋ ಬರಬೇಕು. ಒಣ ತೇಗ 650ರ ಆಸುಪಾಸಿನಲ್ಲಿರುತ್ತದೆ, ಆಫ್ರಿಕಾದ ಅಜೋಬೆ 1,000 ದಾಟಿ ನೀರಿನಲ್ಲಿ ಮುಳುಗುತ್ತದೆ, ಬಾಲ್ಸಾ ಮಾತ್ರ 160ರ ಹತ್ತಿರ. ಉತ್ತರ 0.7 ಎಂದು ಬಂದರೆ ಎಲ್ಲೋ ಕಿಲೋ ಜಾಗದಲ್ಲಿ ಟನ್ ಕೂತಿದೆ. 6,000 ಎಂದು ಬಂದರೆ ಒಂದು ಸೊನ್ನೆ ಹೆಚ್ಚುಕಡಿಮೆಯಾಗಿದೆ. ಎರಡನೆಯದು ಬೆಲೆಯನ್ನು ಗಾತ್ರದಿಂದ. ಅದೇ ಸರಕಿನ ಅಕ್ಕಪಕ್ಕದ ವರ್ಷಗಳಿಗಿಂತ ಮೂರು ಪಟ್ಟು ಮೇಲೆ ಅಥವಾ ಕೆಳಗೆ ಹೋದ ಸಾಲಿಗೆ ಬಣ್ಣ ಹಚ್ಚಿ, ಒಂದೊಂದನ್ನೇ ನೋಡಿ.

ಹಳೆಯ ವರದಿಗಳಿಂದ ಅಂಕಿ ಎತ್ತುವವರಿಗೆ ಇನ್ನೊಂದು ಮಾತು. ಮ್ಯಾನ್ಮಾರಿನ ತೇಗದ ಲೆಕ್ಕದಲ್ಲಿ ಬರುವ ‘ಟನ್’ ತೂಕವಲ್ಲ. ಅದು ಹೋಪಸ್ ಟನ್, ದಿಮ್ಮಿಯ ಸುತ್ತಳತೆಯಿಂದ ತೆಗೆದ ಗಾತ್ರ, ಒಂದಕ್ಕೆ ಸುಮಾರು 1.8 ಘನ ಮೀಟರ್. ಅದನ್ನು ಸಾವಿರ ಕಿಲೋ ಎಂದು ಓದಿದರೆ ಮುಂದಿನ ಲೆಕ್ಕವೆಲ್ಲ ಹಾಳು.

ಹಂತ 6: ಎಲ್ಲವನ್ನೂ ದಿಮ್ಮಿಗೆ ಇಳಿಸಿ

ಒಂದು ಘನ ಮೀಟರ್ ಹಲಗೆ ಪಡೆಯಲು ಅದಕ್ಕಿಂತ ಹೆಚ್ಚು ದಿಮ್ಮಿ ಬೇಕು. ಉಳಿದದ್ದು ಹೊಟ್ಟು, ಅಂಚು, ಚಕ್ಕೆ. ಉಷ್ಣವಲಯದ ಮರಕ್ಕೆ ಸಾಮಾನ್ಯವಾಗಿ ಬಳಸುವ ಗುಣಕಗಳು ಹೀಗಿವೆ: ಕೊಯ್ದ ಮರಕ್ಕೆ 1.82, ವೆನೀರಿಗೆ 1.9, ಪ್ಲೈವುಡ್ಡಿಗೆ 2.3.

ಲೆಕ್ಕದ ರೀತಿ ತೋರಿಸಲು ಒಂದು ಕಲ್ಪಿತ ದೇಶ. ಅದು 1,00,000 ಘನ ಮೀಟರ್ ದಿಮ್ಮಿ, 50,000 ಕೊಯ್ದ ಮರ, 40,000 ಪ್ಲೈವುಡ್ ತರಿಸಿತು ಎನ್ನಿ. ನೇರವಾಗಿ ಕೂಡಿಸಿದರೆ 1,90,000. ದಿಮ್ಮಿಗೆ ಇಳಿಸಿದರೆ 1,00,000 + 91,000 + 92,000, ಅಂದರೆ 2,83,000. ಪಕ್ಕದ ಇನ್ನೊಂದು ದೇಶ 1,90,000 ಘನ ಮೀಟರ್ ದಿಮ್ಮಿಯನ್ನೇ ತರಿಸಿದ್ದರೆ ಮೊದಲ ಲೆಕ್ಕದಲ್ಲಿ ಇಬ್ಬರೂ ಸಮ, ಎರಡನೆಯದರಲ್ಲಿ ಮೊದಲ ದೇಶ ಬಹಳ ಮುಂದೆ.

ಈ ಹಂತ ಬಿಟ್ಟರೆ ಜಪಾನಿನ ಕಥೆ ತಲೆಕೆಳಗಾಗುತ್ತದೆ. ಇಂಡೋನೇಷ್ಯಾ 1985ರಲ್ಲಿ ದಿಮ್ಮಿ ರಫ್ತನ್ನು ಪೂರ್ತಿ ನಿಲ್ಲಿಸಿತು, ಆಮೇಲೆ ಅದೇ ದೇಶದ ಪ್ಲೈವುಡ್ ಜಪಾನಿಗೆ ಹರಿಯಿತು. ದಿಮ್ಮಿಯ ಗೆರೆಯನ್ನಷ್ಟೇ ನೋಡಿದವರು ಜಪಾನ್ ಉಷ್ಣವಲಯದ ಮರವನ್ನು ಬಿಡುತ್ತಿದೆ ಎಂದುಕೊಳ್ಳುತ್ತಾರೆ. ಮರ ಬೇರೆ ರೂಪದಲ್ಲಿ ಬರುತ್ತಿತ್ತು.

ಪ್ಲೈವುಡ್ ಗುಣಕಕ್ಕೆ ಒಂದು ಮಿತಿಯಿದೆ. 4412.31 ಹೇಳುವುದು ಹೊರಪದರದ ಮಾತನ್ನು ಮಾತ್ರ. ಚೀನಾದ ಎಷ್ಟೋ ಪ್ಲೈವುಡ್‌ಗಳಲ್ಲಿ ಹೊರಗೆ ಉಷ್ಣವಲಯದ ತೆಳು ಪದರ, ಒಳಗೆಲ್ಲ ಪಾಪ್ಲರ್ ಮರ. ಚೀನಾದಿಂದ ತರಿಸಿಕೊಳ್ಳುವ ದೇಶ ನಿಮ್ಮ ಜೋಡಿಯಲ್ಲಿದ್ದರೆ ಆ ಭಾಗವನ್ನು ಬೇರೆ ಬಣ್ಣದಲ್ಲಿ ತೋರಿಸಿ, 2.3ರಿಂದ ಗುಣಿಸಿ ಕಾಡಿನ ಲೆಕ್ಕಕ್ಕೆ ಹಚ್ಚಬೇಡಿ.

ಹಂತ 7: ಕನ್ನಡಿ ಹಿಡಿದು ನೋಡಿ

ಆಮದು ಮಾಡಿಕೊಂಡ ದೇಶದ ಅಂಕಿಗೆ ಎದುರಾಗಿ, ಕಳಿಸಿದ ದೇಶ ಬರೆದ ರಫ್ತಿನ ಅಂಕಿ ಇರುತ್ತದೆ. ಇವೆರಡೂ ಕೂದಲೆಳೆಯಷ್ಟು ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಆಮದಿನ ಬೆಲೆಯಲ್ಲಿ ಸಾಮಾನ್ಯವಾಗಿ ಸಾಗಣೆ ಮತ್ತು ವಿಮೆ ಸೇರಿರುತ್ತದೆ, ರಫ್ತಿನದರಲ್ಲಿ ಇಲ್ಲ. ಡಿಸೆಂಬರಿನಲ್ಲಿ ಹೊರಟ ಹಡಗು ಜನವರಿಯಲ್ಲಿ ಮುಟ್ಟುತ್ತದೆ. ಆದ್ದರಿಂದ ಗಾತ್ರವನ್ನು ಹೋಲಿಸಿ, ಬೆಲೆಯನ್ನು ಬೇಡ. ಎರಡು ವರ್ಷದ ಸರಾಸರಿ ನೋಡಿ.

ಅಂತರ ವರ್ಷವರ್ಷವೂ ಒಂದೇ ದಿಕ್ಕಿಗೆ ವಾಲಿದರೆ ಅದು ಆಕಸ್ಮಿಕವಲ್ಲ. 2000ದ ದಶಕದಲ್ಲಿ ಮ್ಯಾನ್ಮಾರಿನಿಂದ ಚೀನಾದ ಯುನ್ನಾನ್ ಪ್ರಾಂತ್ಯದ ಗಡಿ ದಾಟಿ ಬಂದ ಮರವನ್ನು ಚೀನಾದ ಸುಂಕದ ಕಟ್ಟೆಗಳು ಬರೆದುಕೊಂಡವು, ಮ್ಯಾನ್ಮಾರಿನ ಲೆಕ್ಕದಲ್ಲಿ ಅದರಲ್ಲಿ ಬಹುಪಾಲು ಇರಲಿಲ್ಲ. ಇಂಥ ಕಡೆ ಆಮದಿನ ಅಂಕಿಯನ್ನೇ ನಂಬಬೇಕು. ಎರಡರ ಸರಾಸರಿ ತೆಗೆಯುವುದು ತಪ್ಪು.

ಯುರೋಪಿನ ದೇಶ ಜೋಡಿಯಲ್ಲಿದ್ದರೆ ಬಂದರಿನ ತೊಡಕು ಬರುತ್ತದೆ. ರಾಟರ್‌ಡ್ಯಾಮ್, ಆಂಟ್ವರ್ಪ್‌ಗಳಲ್ಲಿ ಇಳಿದ ಮರ ನೆದರ್‌ಲೆಂಡ್ಸ್, ಬೆಲ್ಜಿಯಂಗಳ ಆಮದಾಗಿ ದಾಖಲಾಗಿ ಅಲ್ಲಿಂದ ಜರ್ಮನಿಗೋ ಫ್ರಾನ್ಸಿಗೋ ಹೋಗಬಹುದು. ಅದೇ ಸರಕಿನ ರಫ್ತನ್ನು (ಮರುರಫ್ತು ಅದರಲ್ಲೇ ಸೇರಿರುತ್ತದೆ) ಆಮದಿನಿಂದ ಕಳೆದು ನಿವ್ವಳ ಅಂಕಿ ತೆಗೆಯಿರಿ. ಚೀನಾಕ್ಕೆ ಇದೂ ಸಾಲದು: ದಿಮ್ಮಿಯಾಗಿ ಬಂದದ್ದು ಪೀಠೋಪಕರಣವಾಗಿ ಹೊರಹೋಗುತ್ತದೆ. ‘ಆಮದು’ ಎಂದು ಬರೆಯಬೇಕಾದ ಕಡೆ ‘ಬಳಕೆ’ ಎಂದು ಬರೆಯಬೇಡಿ.

ಹಂತ 8: ಬೆಲೆ ಬೇಕೇ ಬೇಕು ಎನ್ನುವವರಿಗೆ

ಹಣದುಬ್ಬರ ತೆಗೆಯದ ಡಾಲರ್ ಅಂಕಿಯನ್ನು ಮೂವತ್ತು ವರ್ಷಕ್ಕೆ ಎಳೆಯಬೇಡಿ. ವಿನಿಮಯ ದರವನ್ನೂ ನೋಡಿ: ಡಾಲರಿನ ಮೌಲ್ಯ ಇಳಿಸಲು ದೊಡ್ಡ ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ಕೆಲವೇ ವರ್ಷಗಳಲ್ಲಿ ಬಹಳ ಬಲಗೊಂಡಿತು, ಡಾಲರಿನಲ್ಲಿ ಏರಿದ ಆಮದು ಯೆನ್‌ನಲ್ಲಿ ಇಳಿದಿರಬಹುದು. ಕೆನಡಾ, ಆಸ್ಟ್ರೇಲಿಯಾಗಳು ಆಮದನ್ನೂ ಸಾಗಣೆ ವೆಚ್ಚ ಬಿಟ್ಟು ಬರೆಯುತ್ತವೆ. ಅವನ್ನು ಜಪಾನಿನ ಜತೆ ನೇರವಾಗಿ ಇಡುವಂತಿಲ್ಲ.

ಹಂತ 9: ಈಗ ಗ್ರಾಫ್

ಎರಡು ಗ್ರಾಫ್‌ಗಳು ಬೇಕು. ಮೊದಲನೆಯದರಲ್ಲಿ ಎರಡೂ ದೇಶಗಳ ಘನ ಮೀಟರ್ ಅಂಕಿ ಒಂದೇ ಅಳತೆಗೋಲಿನ ಮೇಲೆ, ಸೊನ್ನೆಯಿಂದ ಆರಂಭವಾಗಿ. ಎಡಕ್ಕೊಂದು ಬಲಕ್ಕೊಂದು ಅಳತೆಗೋಲು ಇಟ್ಟರೆ ಗೆರೆಗಳು ಎಲ್ಲಿ ಬೇಕಾದರೂ ಸಂಧಿಸುವಂತೆ ಮಾಡಬಹುದು, ಆ ಸಂಧಿಗೆ ಯಾವ ಅರ್ಥವೂ ಇರುವುದಿಲ್ಲ. ಎರಡನೆಯದು ಆಧಾರ ವರ್ಷವನ್ನು 100 ಎಂದಿಟ್ಟ ಸೂಚ್ಯಂಕ.

ಆಧಾರ ವರ್ಷದಲ್ಲಿ ಬಹಳ ಜನ ಜಾರುತ್ತಾರೆ. ಜಪಾನಿನಲ್ಲಿ 1997ರ ಏಪ್ರಿಲ್‌ನಲ್ಲಿ ಬಳಕೆ ತೆರಿಗೆ 3ರಿಂದ 5 ಶೇಕಡಕ್ಕೆ ಏರಿತು. ಅದಕ್ಕೆ ಮೊದಲೇ ಮನೆ ಕಟ್ಟಿ ಮುಗಿಸುವ ಅವಸರದಿಂದ 1996ರ ಬೇಡಿಕೆ ಉಬ್ಬಿತ್ತು. 1998 ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ಕುಗ್ಗಿದ ವರ್ಷ. 1996 ಆಧಾರವಾದರೆ ಜಪಾನ್ ಕುಸಿಯುತ್ತಲೇ ಹೋದಂತೆ ಕಾಣುತ್ತದೆ, 1998 ಆಧಾರವಾದರೆ ಚಿತ್ರ ಸೌಮ್ಯವಾಗುತ್ತದೆ. ಮೂರು ವರ್ಷಗಳ ಸರಾಸರಿಯನ್ನು ಆಧಾರವಾಗಿಡಿ. ಆಮೇಲೆ ಬೇರೊಂದು ಆಧಾರದಲ್ಲಿಯೂ ಬಿಡಿಸಿ ನೋಡಿ. ನಿಮ್ಮ ತೀರ್ಮಾನ ಆಧಾರದೊಂದಿಗೆ ಬದಲಾದರೆ ಅದು ತೀರ್ಮಾನವಲ್ಲ.

ಹಂತ 10: ತಿರುವುಗಳಿಗೆ ಕಾರಣ ಬರೆಯುವುದು

ಗ್ರಾಫ್ ನೋಡುವ ಮೊದಲೇ ಘಟನೆಗಳ ಪಟ್ಟಿ ಮಾಡಿಕೊಂಡರೆ, ಗೆರೆಗೆ ತಕ್ಕ ಕಾರಣ ಹೊಂದಿಸುವ ಆಸೆ ತಡೆಯಬಹುದು. ಪಟ್ಟಿಯಲ್ಲಿ ಇವು ಇರಲಿ: 1998ರ ಯಾಂಗ್ತ್ಸೆ ಪ್ರವಾಹದ ನಂತರ ಚೀನಾ ತನ್ನ ನೈಸರ್ಗಿಕ ಕಾಡುಗಳಲ್ಲಿ ಕಡಿತಕ್ಕೆ ಹಾಕಿದ ತಡೆ, 2001ರಲ್ಲಿ ಇಂಡೋನೇಷ್ಯಾ ದಿಮ್ಮಿ ರಫ್ತನ್ನು ಮತ್ತೆ ನಿಷೇಧಿಸಿದ್ದು, ಅಕ್ರಮವಾಗಿ ಕಡಿದ ಮರದ ವ್ಯಾಪಾರ ತಡೆಯುವ 2008ರ ಅಮೆರಿಕದ ಲೇಸಿ ಕಾಯ್ದೆ ತಿದ್ದುಪಡಿ, 2010ರ ಗ್ಯಾಬೊನ್ ದಿಮ್ಮಿ ರಫ್ತು ನಿಷೇಧ, 2013ರ ಮಾರ್ಚಿನಲ್ಲಿ ಅದೇ ಉದ್ದೇಶಕ್ಕೆ ಜಾರಿಗೆ ಬಂದ ಐರೋಪ್ಯ ಮರ ನಿಯಮ, 2014ರ ಏಪ್ರಿಲ್ 1ರ ಮ್ಯಾನ್ಮಾರ್ ದಿಮ್ಮಿ ರಫ್ತು ನಿಷೇಧ, 2017ರ ಜನವರಿಯಿಂದ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟದ್ದು.

ಒಂದು ಘಟನೆಯನ್ನು ಕಾರಣವೆಂದು ಬರೆಯುವ ಮೊದಲು ಮೂರು ಪರೀಕ್ಷೆ ಮಾಡಿ. ಇಳಿಕೆ ಆ ದೇಶದಿಂದ ಬಂದ ಸರಕಿನಲ್ಲಿಯೇ ಇದೆಯೇ? ಗ್ಯಾಬೊನ್ ನಿಷೇಧ ಕಾರಣವಾದರೆ ಗ್ಯಾಬೊನ್ ಸಾಲೇ ಬೀಳಬೇಕು, ಪಪುವಾ ನ್ಯೂಗಿನಿಯದಲ್ಲ. ದಿಮ್ಮಿ ಇಳಿದಾಗ ಅದೇ ದೇಶದ ಕೊಯ್ದ ಮರ, ವೆನೀರ್ ಏರಿತೇ? ಏರಿದ್ದರೆ ವ್ಯಾಪಾರ ನಿಂತಿಲ್ಲ, ರೂಪ ಬದಲಿಸಿದೆ. ಮೂರನೆಯದು ಬದಲಿ ಮರ. ಜಪಾನಿನ ಪ್ಲೈವುಡ್ ಕಾರ್ಖಾನೆಗಳು ಉಷ್ಣವಲಯದ ದಿಮ್ಮಿ ಬಿಟ್ಟು ರಷ್ಯಾದ ಲಾರ್ಚ್‌ಗೆ, ಆಮೇಲೆ ತಮ್ಮದೇ ಸುಗಿ ಮರಕ್ಕೆ ಹೊರಳಿದವು; ಎರಡೂ ಸೂಚಿಪರ್ಣಿ, ಅಂದರೆ ಸೂಜಿಯಂಥ ಎಲೆಯ ಮರಗಳು. ಸೂಚಿಪರ್ಣಿ ದಿಮ್ಮಿಯ ಆಮದನ್ನೂ ಮಸುಕು ಬಣ್ಣದಲ್ಲಿ ಪಕ್ಕಕ್ಕೆ ಎಳೆದರೆ ಈ ಹೊರಳು ಕಣ್ಣಿಗೆ ಬೀಳುತ್ತದೆ. ಎಳೆಯದಿದ್ದರೆ ಅದರ ಕೀರ್ತಿ ಯಾವುದೋ ನಿಷೇಧಕ್ಕೆ ಹೋಗುತ್ತದೆ.

ಗ್ರಾಫ್‌ನ ಕೆಳಗೆ ಐದು ಸಾಲು ಬರೆಯಿರಿ: ಬಳಸಿದ ಸಂಕೇತಗಳು, 4403.99ರಿಂದ ಸೇರಿಸಿಕೊಂಡ ದೇಶಗಳು, ಗುಣಕಗಳು, ಅಂದಾಜು ಅಂಕಿಗಳಿರುವ ವರ್ಷಗಳು, ದತ್ತಾಂಶ ಇಳಿಸಿದ ದಿನಾಂಕ. ದೇಶಗಳು ಹಳೆಯ ವರ್ಷದ ಅಂಕಿಗಳನ್ನೂ ತಿದ್ದುತ್ತಿರುತ್ತವೆ. ಆರು ತಿಂಗಳ ನಂತರ ಬೇರೊಬ್ಬರು ಇಳಿಸಿಕೊಂಡು ಬೇರೆ ಮೊತ್ತ ತೋರಿಸಿದಾಗ ಮೊದಲು ನೋಡಬೇಕಾದದ್ದು ಆ ದಿನಾಂಕವನ್ನು.